ಖಾಲಿ ಬಿಟ್ಟ ಚೌಕ

ಕೂಡಿಗೆ
18 ಸೆಪ್ಟೆಂಬರ್ 2025, ಗುರುವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ದಿನವಿಡೀ ಬಸ್ಸಿನಲ್ಲಿ ನಿಂತು ನಿಂತು ಹಿಡಿದುಕೊಳ್ಳುತ್ತಿದ್ದ ನಿನ್ನ ಎಡಮಂಡಿ ಈಗ ಹೇಗಿದೆ? ಕಾಗದ ಬರೆಯುವವರು ಮೊದಲು ಆರೋಗ್ಯ ಕೇಳಬೇಕೆಂದು ನೀನೇ ಹೇಳಿಕೊಟ್ಟಿದ್ದೆ. ಆದರೆ ನೋಯುವುದಕ್ಕೆ ನಿನಗೆ ಮಂಡಿ ಇದೆಯೋ ಇಲ್ಲವೋ ಎಂಬುದೇ ನನಗೆ ಗೊತ್ತಿಲ್ಲ. ಅವ್ವ ಆರೋಗ್ಯವಾಗಿದ್ದಾಳೆ, ಮಾತು ಮಾತ್ರ ಕಡಿಮೆಯಾಗಿದೆ. ಏಳು ವರ್ಷದ ಹಿಂದೆ ಭಾಗಮಂಡಲದ ಸ್ಟ್ಯಾಂಡಿನಲ್ಲಿ ಟಿಕೆಟ್ ಚೀಲವನ್ನು ಸೀಟಿನ ಮೇಲಿಟ್ಟು, ಟೀ ಕುಡಿದು ಬರುತ್ತೇನೆಂದು ಬಸ್ಸಿನಿಂದ ಇಳಿದ ಕಂಡಕ್ಟರ್ ಜವರಪ್ಪ ಎಲ್ಲಿ ಹೋದನೆಂದು ಈಗ ಯಾರೂ ಕೇಳುವುದಿಲ್ಲ. ಚೀಲದ ಮೇಲೆ ನೀನು ಮಡಿಸಿಟ್ಟಿದ್ದ ಪತ್ರಿಕೆಯಲ್ಲಿ ಪದಬಂಧ ಪೂರ್ತಿ ತುಂಬಿತ್ತು, ಕೊನೆಯ ಒಂದು ಚೌಕ ಬಿಟ್ಟು. ಅದು ನನಗಾಗಿ ಬಿಟ್ಟ ಚೌಕ ಎಂದು ವಿಚಾರಣೆಗೆ ಬಂದವರಿಗೆಲ್ಲ ಹೇಳಿದೆ. ಹನ್ನೆರಡು ವರ್ಷದ ಹುಡುಗಿಯ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ.

ನಿನಗೆ ಬೇಸರವಾಗುವ ಸುದ್ದಿಯನ್ನೂ ಹೇಳಿಬಿಡುತ್ತೇನೆ. ನಾನು ಶಾಲೆ ಬಿಟ್ಟೆ. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಚೀಟಿ ನೋಡಿ ಬರೆದೆ, ಯಾರೂ ಹಿಡಿಯಲಿಲ್ಲ. ನಾನೇ ಎದ್ದು ನಿಂತು ಹೇಳಿದೆ, ಹೊರಗೆ ಬಂದೆ, ಮತ್ತೆ ಒಳಗೆ ಹೋಗಲಿಲ್ಲ. ಆಮೇಲೆ ಎಲ್ಲಿಯೂ ನಿಲ್ಲಲಾಗಲಿಲ್ಲ. ಹೋಂಸ್ಟೇಯಲ್ಲಿ ಎರಡು ತಿಂಗಳು ಇದ್ದೆ. ನಂತರ ಮಡಿಕೇರಿಯ ಸಾಂಬಾರ ಪದಾರ್ಥದ ಅಂಗಡಿ ಸೇರಿದೆ. ಅಲ್ಲಿ ಒಬ್ಬ ಪ್ರವಾಸಿ, “ಇದು ಕಾಡುಜೇನೇ ಏನಮ್ಮ?” ಎಂದು ಕೇಳಿದ. ಅಲ್ಲ ಎಂದೆ. ಸಂಜೆಗೆ ಕೆಲಸ ಹೋಯಿತು. ಅವ್ವ ಎರಡು ದಿನ ಬೈದು, ಮೂರನೆಯ ದಿನ ನಕ್ಕಳು. “ಅಪ್ಪನ ಮಗಳೇ ಕಣೇ ನೀನು” ಎಂದಳು.

ಜೂನ್‌ನಿಂದ ಮಡಿಕೇರಿಯ ಒಂದು ವಾರಪತ್ರಿಕೆಯಲ್ಲಿದ್ದೇನೆ. ಇಲ್ಲಿ ಸುಳ್ಳು ಹೇಳುವ ಅಗತ್ಯವಿಲ್ಲದ ಕೆಲಸ ಸಿಕ್ಕಿದೆ. ಪದಬಂಧ ರಚಿಸುವವರು ರಾಮಮ್ಮ ಟೀಚರ್. ಓದುಗರು ತುಂಬಿ ಕಳಿಸುವ ಕಾರ್ಡುಗಳನ್ನು ತಾಳೆ ನೋಡಿ, ಸರಿಯುತ್ತರ ಕಳಿಸಿದವರ ಹೆಸರು ಪಟ್ಟಿ ಮಾಡುವುದು ನನ್ನ ಪಾಲು. ಉತ್ತರ ಹೇಗೆ ಬಂತೆಂಬ ವಿವರಣೆಯನ್ನೂ ನಾನೇ ಬರೆಯುತ್ತೇನೆ. ‘ತಲೆಯಿಲ್ಲದ ಸಾವು ಯುದ್ಧ’ ಎಂದು ಸುಳಿವಿದ್ದರೆ, ಮರಣದ ಮೊದಲ ಅಕ್ಷರ ತೆಗೆದುಹಾಕಿ, ರಣ ಉಳಿಯುತ್ತದೆ ಎಂದು ಬರೆಯಬೇಕು. ‘ಹೊಸದು ಹಿಂತಿರುಗಿದರೆ ಕಾಡು’ ಎಂದಿದ್ದರೆ, ನವ ಎಂಬುದನ್ನು ಹಿಂದುಮುಂದಾಗಿ ಓದಿ, ವನ ಎಂದು. ಇದನ್ನೆಲ್ಲ ನನಗೆ ಯಾರೂ ಕಲಿಸಬೇಕಾಗಲಿಲ್ಲ. ರಜಾದಿನಗಳಲ್ಲಿ ನಿನ್ನ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಕಲಿತದ್ದೇ ಸಾಕಾಯಿತು. “ಸುಳಿವು ಯಾವತ್ತೂ ಸುಳ್ಳು ಹೇಳಾಕಿಲ್ಲ ಚಿನ್ನಿ, ನಮ್ಮನ್ನ ಬೇರೆ ಕಡೆ ನೋಡೋ ಹಂಗೆ ಮಾಡ್ತದೆ ಅಷ್ಟೇ” ಎನ್ನುತ್ತಿದ್ದೆಯಲ್ಲ. ಎಲ್ಲ ತುಂಬಿ, ಕೊನೆಯ ಚೌಕ ನನಗೆ ಬಿಡುತ್ತಿದ್ದೆ. ನಾನು ಅಕ್ಷರ ಬರೆದ ಕೂಡಲೇ ನೀನು, “ಆಯ್ತು, ಟ್ರಿಪ್ ಮುಗೀತು, ಎಲ್ಲಾ ಇಳೀರಿ” ಎಂದು ಕೂಗುತ್ತಿದ್ದೆ. ಬಸ್ಸು ಸ್ಟ್ಯಾಂಡಿಗೆ ಇನ್ನೂ ಮೂರು ತಿರುವು ಹಿಂದಿದ್ದರೂ.

ಜುಲೈ ಮೊದಲ ಮಂಗಳವಾರ ಒಂದು ಕಾರ್ಡು ಬಂತು. ಹೆಸರಿಲ್ಲ, ವಿಳಾಸವಿಲ್ಲ. ಪದಬಂಧವನ್ನು ಕತ್ತರಿಸಿ ನೀಟಾಗಿ ಅಂಟಿಸಿತ್ತು. ಎಲ್ಲ ಸರಿ, ಕೆಳಗಿನ ಬಲಮೂಲೆಯ ಚೌಕ ಮಾತ್ರ ಖಾಲಿ. “ಇಷ್ಟೆಲ್ಲ ಬಿಡಿಸಿದೋನಿಗೆ ಅದೊಂದು ಬರಲಿಲ್ವಾ, ಪೆದ್ದ” ಎಂದು ಸಂಪಾದಕ ಉದಯಣ್ಣ ಕಸದ ಬುಟ್ಟಿಗೆ ಹಾಕಿದರು. ನಾನು ಎತ್ತಿಟ್ಟುಕೊಂಡೆ. ಮುಂದಿನ ಮಂಗಳವಾರ ಮತ್ತೊಂದು ಬಂತು. ಹೀಗೇ ಹನ್ನೊಂದು ವಾರ. ಜುಲೈ ಮಳೆಯಲ್ಲಿ ಉಳಿದ ಟಪಾಲೆಲ್ಲ ಒದ್ದೆಯಾಗಿ ಅಂಟಿಕೊಂಡು ಬರುತ್ತಿತ್ತು. ಈ ಕಾರ್ಡು ಮಾತ್ರ ಹಪ್ಪಳದ ಹಾಗೆ ಒಣಗಿರುತ್ತಿತ್ತು. ಅಂಚೆಮುದ್ರೆಯಲ್ಲಿ ‘ಭಾಗ’ ಎಂಬುದಷ್ಟೇ ಕಾಣುತ್ತಿತ್ತು. ಅಕ್ಷರ ನಿನ್ನದೇ ಎಂದು ಆಣೆ ಮಾಡಲಾರೆ. ಚೌಕದೊಳಗೆ ಒಂದೊಂದೇ ಅಕ್ಷರ ಬರೆದರೆ ಎಲ್ಲರ ಕೈಬರಹವೂ ಒಂದೇ ರೀತಿ ಕಾಣುತ್ತದೆ.

ಯಾರೋ ಚೇಷ್ಟೆ ಮಾಡುತ್ತಿರಬಹುದು ಎಂದುಕೊಂಡು ಆಗಸ್ಟ್‌ನಲ್ಲಿ ಭಾಗಮಂಡಲಕ್ಕೆ ಹೋದೆ. ಕಾಗದ ಹಂಚುವ ಲಿಂಗಣ್ಣನಿಗೆ ಕಾರ್ಡುಗಳನ್ನು ತೋರಿಸಿದೆ. ಕನ್ನಡಕ ಏರಿಸಿ, ಇಳಿಸಿ ನೋಡಿದರು. “ಪೇಪರ್‌ಗೆ ಅಂತ ಇಲ್ಲಿಂದ ಒಂದು ಕಾರ್ಡೂ ಹೋಗಿಲ್ಲ ಮಗಳೇ, ಡಬ್ಬಿ ತೆಗೆಯೋನು ನಾನೇ ಅಲ್ವಾ?” ಎಂದರು. ಆಮೇಲೆ ಕಾರ್ಡುಗಳನ್ನು ನನ್ನ ಕೈಗೆ ಕೊಡಲಿಲ್ಲ, ಮೇಜಿನ ಮೇಲಿಟ್ಟು ನನ್ನ ಕಡೆ ತಳ್ಳಿದರು. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.

ಇಷ್ಟಾದರೂ ನಂಬಬಾರದೆಂದಿದ್ದೆ. ಹೋದ ವಾರ ರಾಮಮ್ಮ ಟೀಚರ್‌ಗೆ ಕಣ್ಣಿನ ಆಪರೇಷನ್ ಆಯಿತು. ಪದಬಂಧವನ್ನು ನೀನೇ ಮಾಡು ಎಂದು ಉದಯಣ್ಣ ನನಗೆ ಹೇಳಿದರು. ಶನಿವಾರ ಬಸ್ಸಿನಲ್ಲಿ ಕೂತು ಮಾಡಿದೆ. ಕೊನೆಯ ಸುಳಿವು ‘ಎಷ್ಟಿದ್ದರೂ ಸಾಕಾಗದವರೊಳಗೆ ಅಡಗಿದ ಪತ್ರ’. ಉತ್ತರ ಕಾಗದ, ಸಾಕಾಗದ ಎಂಬುದರೊಳಗೇ ಇದೆ. ಯಾರಿಗೂ ತೋರಿಸಲಿಲ್ಲ. ಊಟದ ಚೀಲದಲ್ಲಿಟ್ಟುಕೊಂಡೆ. ಮೊನ್ನೆ ಮಂಗಳವಾರ ಹನ್ನೆರಡನೆಯ ಕಾರ್ಡು ಬಂತು. ಅಂಟಿಸಿದ ಪತ್ರಿಕೆಯ ತುಂಡಿರಲಿಲ್ಲ, ಕೈಯಲ್ಲೇ ಗೆರೆ ಎಳೆದಿತ್ತು. ಒಳಗಿದ್ದದ್ದು ನನ್ನ ಪದಬಂಧ. ನನ್ನ ಹಾಳೆ ಆಗಲೂ ಚೀಲದಲ್ಲೇ ಇತ್ತು ಅಪ್ಪಾ, ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಚೌಕಗಳಿಗೆ ಸಂಖ್ಯೆ ಹಾಕುವಾಗ ನಾನು ಅವಸರದಲ್ಲಿ ಒಂಬತ್ತನ್ನು ಎರಡು ಸಲ ಬರೆದು ಹತ್ತನ್ನು ಮರೆತಿದ್ದೆ. ಕಾರ್ಡಿನಲ್ಲಿ ಹತ್ತು ಸರಿಯಾಗಿತ್ತು, ಅದರ ಪಕ್ಕದಲ್ಲಿ ಕೆಂಪು ಚುಕ್ಕಿ. ನಾನು ತಪ್ಪಿದಾಗಲೆಲ್ಲ ನೀನು ಕಂಡಕ್ಟರ್ ಪೆನ್ನಿನಲ್ಲಿ ಇಡುತ್ತಿದ್ದ ಚುಕ್ಕಿ. ಕಾಗದ ಎಂಬ ಉತ್ತರದ ಕೊನೆಯ ಅಕ್ಷರದ ಚೌಕ ಖಾಲಿ.

ಭಾನುವಾರ ಪಿತೃಪಕ್ಷದ ಅಮಾವಾಸ್ಯೆ. ಹಿರಿಯರ ಫೋಟೊಗಳ ಮುಂದೆ ಎಡೆ ಇಡಬೇಕು. ಪುಟ್ಟರಾಜು ಮಾವ ನೆನ್ನೆ ಬಂದು, “ಏಳು ವರ್ಸ ಆಯ್ತಕ್ಕ, ಭಾವಂಗೂ ಒಂದು ಎಲೆ ಹಾಕು. ಎಷ್ಟು ದಿನ ಅಂತ ಹಸ್ಕೊಂಡು ತಿರುಗ್ತಾರೆ?” ಎಂದರು. ಬದುಕಿರುವವನಿಗೆ ಎಡೆ ಇಟ್ಟರೆ ಆಯಸ್ಸು ಕಿತ್ತುಕೊಂಡ ಹಾಗೆ, ಸತ್ತವನಿಗೆ ಇಡದಿದ್ದರೆ ಉಪವಾಸ ಕೆಡವಿದ ಹಾಗೆ. ಮಾವ ಹೋದ ಮೇಲೆ ಅವ್ವ ನನ್ನನ್ನು ಕೂರಿಸಿಕೊಂಡು, “ನೀನು ಸುಳ್ಳು ಹೇಳಾಕಿಲ್ಲ. ಹೇಳು, ನಿಮ್ಮಪ್ಪ ಅವ್ರಾ, ಇಲ್ವಾ?” ಎಂದಳು. ಕಾರ್ಡುಗಳ ವಿಷಯ ಅವಳಿಗೆ ಗೊತ್ತಿರಲಿಲ್ಲ. ಹನ್ನೆರಡನ್ನೂ ಅವಳ ಮಡಿಲಿಗೆ ಹಾಕಿದೆ. ಅವ್ವನಿಗೆ ಓದಲು ಬರುವುದಿಲ್ಲ. ಒಂದೊಂದನ್ನೂ ಎತ್ತಿ ಖಾಲಿ ಚೌಕದ ಮೇಲೆ ಬೆರಳಿಟ್ಟಳು, ಒಂದೂ ತಪ್ಪಲಿಲ್ಲ. “ಅವ್ರೋ ಇಲ್ವೋ ಗೊತ್ತಿಲ್ಲ ಅವ್ವ, ನಾನು ಬರೀಲಿ ಅಂತ ಕಾಯ್ತಾ ಅವ್ರೆ” ಎಂದೆ. ನನಗೆ ಗೊತ್ತಿರುವ ಸತ್ಯ ಅಷ್ಟೇ.

ಅವ್ವ ನಿನ್ನನ್ನು ಕೇಳಿದ್ದಾಳೆ. ಎಲ್ಲಿದ್ದರೂ ತಣ್ಣಗಿರು.

ನಿನ್ನ ಮಗಳು
ಚಿನ್ನಿ

ಮರೆತಿದ್ದೆ: ಬಸ್ಸು ಬರುತ್ತಿದೆ, ಬೇಗ ಬರೆಯುತ್ತೇನೆ. ಇದನ್ನು ವಿಳಾಸವಿಲ್ಲದೆ ಭಾಗಮಂಡಲದ ಡಬ್ಬಿಗೇ ಹಾಕಿ ಬರುತ್ತೇನೆ, ಕಾರ್ಡುಗಳು ಬಂದ ದಾರಿಯಲ್ಲೇ ಹೋಗಲಿ. ಹನ್ನೊಂದು ಕಾರ್ಡಿನ ಕೊನೆಯ ಚೌಕವನ್ನು ಬೆಳಿಗ್ಗೆ ತುಂಬಿದೆ. ಹನ್ನೆರಡನೆಯದನ್ನು ಭಾನುವಾರ ಅವ್ವನ ಎದುರಿಗೆ ತುಂಬುತ್ತೇನೆ. ಅವತ್ತು ನಿನ್ನ ಫೋಟೊ ಗೋಡೆಯಲ್ಲೇ ಇರುತ್ತದೆ, ಹಾರ ಹಾಕುವುದಿಲ್ಲ. ಆದರೆ ನಿನಗೊಂದು ಎಲೆ ಹಾಕಿ ಮುದ್ದೆ, ಕೋಳಿಸಾರು ಬಡಿಸುತ್ತೇವೆ. ಬದುಕಿದ್ದರೆ ಊಟದ ಹೊತ್ತಿಗೆ ಬಂದು ಕೂತುಕೋ. ಇಲ್ಲದಿದ್ದರೂ ಉಣ್ಣು. ಟ್ರಿಪ್ ಮುಗಿಯಿತು ಅಪ್ಪಾ, ಇಳಿದುಬಿಡು. ಮಂಗಳವಾರ ಮತ್ತೆ ಕಾರ್ಡು ಕಳಿಸಬೇಡ. ಬಂದರೆ ಅವ್ವನಿಗೆ ಹೇಳಲೇಬೇಕಾಗುತ್ತದೆ, ಮುಚ್ಚಿಡಲು ನನಗೆ ಬರುವುದಿಲ್ಲ.