ಪೀಪಾಯಿಯ ಮೇಲೆ ಬರೆದ ಬೂಟು

ಅಮ್ಮಾ, ನೀನು ಮಣ್ಣು ಸೇರಿದ ಮೇಲೆ ನಿನಗೆ ಬರೆಯಲು ಅಂಚೆಯ ಖರ್ಚಿಲ್ಲ.

ಇವತ್ತು ಇಂಗ್ಲೆಂಡಿನ ಈ ಲೀಡ್ಸ್‌ನಲ್ಲಿ ವಲಸೆ ಬಂದವರೆಲ್ಲ ಸೇರಿ ಪೀಪಾಯಿಗಳ ಮೇಲೆ ಚಿತ್ರ ಬರೆದೆವು. ನಾನು ಚಿಕ್ಕವಳಿದ್ದಾಗ ನೀನು ಇಲ್ಲಿಂದ ಜಮೈಕಾದಲ್ಲೇ ಉಳಿದಿದ್ದ ನನಗೆ ಸಾಮಾನು ತುಂಬಿ ಕಳಿಸುತ್ತಿದ್ದೆಯಲ್ಲ, ಅಂಥವೇ ಪೀಪಾಯಿಗಳು. ನಾನು ಸೋಪು, ಅಕ್ಕಿ, ಬೂಟು ಬರೆದೆ.

“ಆ ಬೂಟು ಕಾಲಿಗೆ ಆಗ್ತಿತ್ತಾ ಆಂಟಿ?” ಎಂದು ಎರಿಟ್ರಿಯಾದ ಸೆಂಹಾರ್ ಕೇಳಿದಳು.

“ಒಂದೂ ಆಗ್ತಿರಲಿಲ್ಲ ಕಣೇ! ನನ್ನ ಬಿಟ್ಟುಬಂದ ದಿನದ ಕಾಲೇ ಅಮ್ಮನ ತಲೇಲಿ. ಆ ಪುಟ್ಟ ಬೂಟು ಮಾರಿಯೇ ನಾನು ವ್ಯಾಪಾರ ಕಲ್ತಿದ್ದು.”

ಎಲ್ಲರೂ ನಕ್ಕರು. ಮಗನನ್ನು ನಿರಾಶ್ರಿತರ ಶಿಬಿರದಲ್ಲೇ ಬಿಟ್ಟುಬಂದ ಸೆಂಹಾರ್ ಮಾತ್ರ ತನ್ನ ಪೀಪಾಯಿಯ ಮೇಲೊಂದು ಬೂಟು ಬರೆದಳು, ಒರೆಸಿದಳು, ಇನ್ನೂ ದೊಡ್ಡದು ಬರೆದಳು, ಅದನ್ನೂ ಒರೆಸಿದಳು. ಕೊನೆಗೆ ನನ್ನ ಕೈ ಹಿಡಿದು, “ಈಗ ಎಷ್ಟು ದೊಡ್ಡದಿರಬಹುದು, ಹೇಳಿ ಆಂಟಿ” ಎಂದು ಅತ್ತಳು.

ಅಮ್ಮಾ, ಬೂಟಿನಂಗಡಿಯಲ್ಲಿ ನಿಂತು ನೀನು ಯಾರನ್ನು ಕೇಳುತ್ತಿದ್ದೆ?