ವಿಭೂತಿಗೆ ಒತ್ತಿದ ಸೂಜಿ

ಅಪ್ಪಾ,

ನೀನು ಚೆನ್ನಾಗಿದ್ದೀಯಾ ಎಂದು ಕೇಳಿ ಕಾಗದ ಶುರು ಮಾಡುವ ಹಾಗಿಲ್ಲ. ನಾವು ಚೆನ್ನಾಗಿದ್ದೇವೆ ಎಂದು ಬರೆದರೆ ಅದು ಸುಳ್ಳು. ನೀನು ಹೋಗಿ ವರ್ಷ ತುಂಬುತ್ತಾ ಬಂತು. ನೀನು ಬದುಕಿದ್ದಾಗ ನಿನಗೊಬ್ಬನಿಗೇ ಹೇಳಬೇಕಾಗಿದ್ದ ಮಾತನ್ನು ನುಂಗಿಕೊಂಡೆ. ಈಗ ಅದನ್ನು ಊರ ಮುಂದೆ ಹೇಳಿ ಬಂದಿದ್ದೇನೆ. ಇನ್ನಾದರೂ ನನ್ನ ಬಾಯಿಂದಲೇ ಕೇಳು.

ಭಾನುವಾರ ಬೆಳಗ್ಗೆ ನಮ್ಮ ಜಗಲಿ ಹೇಗಿರುತ್ತಿತ್ತು, ನೆನಪಿದೆಯಾ? ಕನಕಪುರದಿಂದ, ಚನ್ನಪಟ್ಟಣದಿಂದ, ಹಾರೋಹಳ್ಳಿಯ ಫ್ಯಾಕ್ಟರಿಗಳಿಂದ ಕಣ್ಣು ಹಳದಿಯಾದವರೆಲ್ಲ ಮೊದಲ ಬಸ್ಸಿಗೇ ಬಂದು ಖಾಲಿ ಹೊಟ್ಟೆಯಲ್ಲಿ ಕೂತಿರುತ್ತಿದ್ದರು. ಸಾವನದುರ್ಗದ ತಪ್ಪಲಿನಿಂದ ತಂದ ಸೊಪ್ಪನ್ನು ಯಾರೂ ನೋಡದ ಹಾಗೆ ಅರೆದು, ಮಜ್ಜಿಗೆಯಲ್ಲಿ ಕಲಸಿ ನೀನು ಕುಡಿಸುತ್ತಿದ್ದೆ. ಆಮೇಲೆ ಬಲಗೈ ಮಣಿಕಟ್ಟಿನ ಮೇಲೆ ಸೂಜಿಯಿಂದ ಮೂರು ಗೀರು. ರಕ್ತ ಜಿನುಗಿದ ಕಡೆ ಅದೇ ಸೊಪ್ಪಿನ ರಸ. ತಾತನ ಕಾಲದ ಸೂಜಿ ಅದು, ಚಿಕ್ಕಂದಿನಲ್ಲಿ ನಿನ್ನ ಕೈಯನ್ನೂ ತಾತ ಗೀರಿದ್ದು ಅದರಿಂದಲೇ. ಒಬ್ಬರದಾದ ಮೇಲೆ ಪಂಚೆಯ ಅಂಚಿನಲ್ಲಿ ಒರೆಸಿ, ವಿಭೂತಿ ಗಟ್ಟಿಗೆ ಒತ್ತಿ, ಮುಂದಿನವರ ಕೈ ಹಿಡಿಯುತ್ತಿದ್ದೆ. ವಿಭೂತಿ ತಾಗಿದ ಮೇಲೆ ಇನ್ನೆಲ್ಲಿಯ ಮೈಲಿಗೆ ಎಂಬುದು ನಿನ್ನ ನಂಬಿಕೆ. ಎಲೆ ಅಡಿಕೆ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಆ ಕಾರಣಕ್ಕೇ ಜನ ನಿನಗೆ ಕೈಮುಗಿಯುತ್ತಿದ್ದರು.

ನಿನ್ನ ಕಾಲು ಊದಿದ್ದನ್ನು ಮೊದಲು ನೋಡಿದ್ದು ಅಮ್ಮ. ರಾಮನಗರದ ಲ್ಯಾಬಿನಲ್ಲಿ ದಿನವೆಲ್ಲ ಊರವರ ರಕ್ತ ತೆಗೆಯುವ ನಾನು ನೋಡಲಿಲ್ಲ. ನೋಡಿಯೂ ನೋಡದ ಹಾಗಿದ್ದೆನೋ ಏನೋ. ಆಸ್ಪತ್ರೆಗೆ ಹೋಗೋಣ ಎಂದರೆ ನೀನು ನಕ್ಕುಬಿಟ್ಟೆ. "ನಾನು ಹೆಂಡ ಮುಟ್ಟಿದೋನಲ್ಲ, ಬೀಡಿ ಸೇದ್ದೋನಲ್ಲ. ನಂಗ್ಯಾಕವ್ವ ಬತ್ತದೆ ಲಿವರ್ ಕಾಯ್ಲೆ?" ಅಂದೆ. ಆರು ವಾರ ನಿನ್ನ ಸೊಪ್ಪನ್ನು ನೀನೇ ಕುಡಿದೆ, ನಿನ್ನ ಕೈಯನ್ನು ನೀನೇ ಗೀರಿಕೊಂಡೆ. ಹೊಟ್ಟೆ ಏಳು ತಿಂಗಳ ಬಸುರಿಯ ಹಾಗೆ ಮುಂದೆ ಬಂದ ಮೇಲೆ ತಾನೇ ನನ್ನ ಜೊತೆ ಬಸ್ಸು ಹತ್ತಿದ್ದು?

ಅವತ್ತು ನಿನ್ನ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದ್ದು ನಾನೇ. ದಿನಕ್ಕೆ ಅಷ್ಟೊಂದು ಜನರಿಗೆ ಚುಚ್ಚುವ ಕೈ ಅವತ್ತು ಎರಡು ಸಲ ನರ ತಪ್ಪಿತು. "ನಿಧಾನ ಕಣವ್ವ, ನಾನೇನು ಓಡೋಗ್ತೀನಾ?" ಎಂದು ನೀನೇ ನನಗೆ ಸಮಾಧಾನ ಹೇಳಿದೆ. ಹೆಪಟೈಟಿಸ್ ಬಿ ಪರೀಕ್ಷೆಯ ಕಾರ್ಡಿನಲ್ಲಿ ಒಂದು ಗೆರೆ ಬಂದರೆ ಸೋಂಕಿಲ್ಲ, ಎರಡು ಬಂದರೆ ಇದೆ. ನಿನ್ನದರಲ್ಲಿ ಎರಡನೆಯ ಗೆರೆ ಕಾಯಿಸಲೇ ಇಲ್ಲ, ರಕ್ತದ ಹನಿ ಬಿಟ್ಟ ತಕ್ಷಣ ದಪ್ಪಗೆ ಮೂಡಿತು. ಸ್ಕ್ಯಾನಿನಲ್ಲಿ ಲಿವರ್ ಕುಗ್ಗಿ ಗಂಟುಗಂಟಾಗಿತ್ತು.

ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು ಬಿಡಿಸಿ ಹೇಳಿದರು. ಕಾಮಾಲೆ ಎನ್ನುವುದು ಒಂದೇ ರೋಗವಲ್ಲ, ಲಿವರ್ ನೋಯುತ್ತಿದೆ ಎನ್ನುವುದಕ್ಕೆ ಗುರುತು. ಕೆಟ್ಟ ನೀರಿನಿಂದ ಬಂದದ್ದಾದರೆ ಬಹುಪಾಲು ತಾನಾಗಿ ಇಳಿಯುತ್ತದೆ. ರಕ್ತದಿಂದ ರಕ್ತಕ್ಕೆ ಹೋಗುವ ಈ ಸೋಂಕು ಹಾಗಲ್ಲ. ಚಿಕ್ಕಂದಿನಲ್ಲಿ ತಗುಲಿದರೆ ಎಷ್ಟೋ ಜನರಲ್ಲಿ ನೋವಿಲ್ಲದೆ, ಸುದ್ದಿಯಿಲ್ಲದೆ, ವರ್ಷಗಟ್ಟಲೆ ಒಳಗೇ ಇದ್ದು ತಿನ್ನುತ್ತದೆ. ಬೇಗ ಗೊತ್ತಾಗಿದ್ದರೆ ದಿನಕ್ಕೊಂದು ಮಾತ್ರೆಯಲ್ಲಿ ಹಿಡಿದಿಡಬಹುದಿತ್ತಂತೆ. ಕೇಳಿದೆಯಾ ಅಪ್ಪಾ? ದಿನಕ್ಕೊಂದು ಮಾತ್ರೆ. ನೀನು ವಾಸಿ ಮಾಡಿದೆ ಎಂದು ಕೈಮುಗಿದವರಲ್ಲಿ ಹೆಚ್ಚಿನವರು ನಿನ್ನ ಸೊಪ್ಪು ಕುಡಿಯದೆ ಮನೆಯಲ್ಲಿ ಮಲಗಿದ್ದರೂ ಎದ್ದು ಓಡಾಡುತ್ತಿದ್ದರು.

ಕೊನೆಗೆ ಅವರು ಕೇಳಿದರು: "ನಿಮ್ಮ ತಂದೆ ಕೈ ಮೇಲೆ ಆ ಗೀರು ಏನಮ್ಮ? ಎಲ್ಲರಿಗೂ ಒಂದೇ ಸೂಜಿನಾ?" ಹೌದು ಎಂದೆ. ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಅವರಿಗೆ ಹೇಳಿ, ಇನ್ನು ಯಾರಿಗೂ ಗೀರಬಾರದು" ಅಂದರು. ನಾನು ಒಳಗೆ ಬಂದು ನಿನ್ನ ಪಕ್ಕ ಕೂತು, "ಉಪ್ಪು ತಿನ್ನಬಾರದಂತೆ" ಎಂದಷ್ಟೇ ಹೇಳಿದೆ. "ನಾನೂ ಅದೇ ಪಥ್ಯ ತಾನೇ ಹೇಳೋದು!" ಎಂದು ನಿನ್ನ ಮುಖ ಅರಳಿತು. ಆ ಮುಖ ನೋಡಿಕೊಂಡು ಸೂಜಿಯ ಮಾತು ಹೇಗೆ ಎತ್ತಲಿ...

ಆಮೇಲಿನ ದಿನಗಳು ನಿನಗೆ ನೆನಪಿರಲಿಕ್ಕಿಲ್ಲ. ವಾರಕ್ಕೊಮ್ಮೆ ಹೊಟ್ಟೆಯಿಂದ ನೀರು ತೆಗೆಯುತ್ತಿದ್ದರು, ಮತ್ತೆ ತುಂಬುತ್ತಿತ್ತು. ಮಾತ್ರೆ ಶುರು ಮಾಡಿದರೂ ಹೊತ್ತು ಮೀರಿತ್ತು. ಲಿವರ್ ಬದಲಾಯಿಸಬಹುದೆಂದರು. ಅದನ್ನು ತಾಳುವ ಶಕ್ತಿ ನಿನ್ನಲ್ಲಿಲ್ಲ ಎಂದೂ ಅವರೇ ಹೇಳಿದರು. ಒಂದು ಮಧ್ಯಾಹ್ನ ನೀನು ರಕ್ತ ವಾಂತಿ ಮಾಡಿಕೊಂಡು ಹೋಗಿಬಿಟ್ಟೆ. ನಿನ್ನನ್ನು ಮನೆಗೆ ತಂದಾಗ ಪಕ್ಕದ ಬೀದಿಯವನು ಎಲ್ಲರಿಗೂ ಕೇಳುವ ಹಾಗೆ, "ಕದ್ದು ಮುಚ್ಚಿ ಕುಡೀತಿದ್ದ ಕಣ್ಲಾ, ಇಲ್ದಿದ್ರೆ ಲಿವರ್ ಯಾಕೆ ಹೋಗ್ತದೆ?" ಅಂದ. ನಾನು ಮೇಲೆ ಬಿದ್ದು ಜಗಳಕ್ಕೆ ಹೋದೆ. ನಿಜವಾದ ಕಾರಣ ಹೇಳಿ ಅವನ ಬಾಯಿ ಮುಚ್ಚಿಸಬಹುದಿತ್ತು. ಹೇಳಲಿಲ್ಲ.

ನೀನು ಹೋಗಿ ನಾಲ್ಕು ತಿಂಗಳಿಗೆ ಹಾರೋಹಳ್ಳಿಯ ಫ್ಯಾಕ್ಟರಿಯ ಹುಡುಗಿಯೊಬ್ಬಳು ಲ್ಯಾಬಿಗೆ ಬಂದಳು. ಐದು ತಿಂಗಳ ಬಸುರಿ. ಬಸುರಿಯರಿಗೆಲ್ಲ ಮಾಡುವ ಪರೀಕ್ಷೆ, ಕಾರ್ಡಿನಲ್ಲಿ ಎರಡು ಗೆರೆ. ಮಣಿಕಟ್ಟಿನ ಮೇಲೆ ಸಣ್ಣಗೆ ಮೂರು ಗೀರಿನ ಗುರುತು. ಎಲ್ಲಿ ಗೀರಿಸಿಕೊಂಡೆ ಎಂದು ಕೇಳಿದೆ, ಕೇಳಬಾರದಿತ್ತು. "ಮಾಗಡಿ ಕಡೆ ಒಬ್ರು ಸ್ವಾಮ್ಯೋರಿದ್ರು ಕಣಕ್ಕ, ದೇವ್ರಂಥೋರು. ಒಸಿನೂ ನೋವಾಗ್ದಂಗೆ ಗೀರೋರು" ಅಂದಳು. ಅವಳಿಗೆ ಬಂದದ್ದು ನಿನ್ನ ಸೂಜಿಯಿಂದಲೇ ಎಂದು ಯಾರೂ ಆಣೆ ಇಟ್ಟು ಹೇಳಲಾರರು. ಅಲ್ಲ ಎಂದು ಹೇಳುವವರಾದರೂ ಎಲ್ಲಿದ್ದಾರೆ? ಮಗು ಹುಟ್ಟಿದ ದಿನವೇ ಅದಕ್ಕೆ ಲಸಿಕೆ ಹಾಕಿಸಲೇಬೇಕು ಎಂದು ಹತ್ತು ಸಲ ಹೇಳಿ ಕಳಿಸಿ, ಬಚ್ಚಲಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ಮಾರನೆಯ ದಿನ ನನ್ನ ಬೆರಳನ್ನೇ ಚುಚ್ಚಿಕೊಂಡೆ. ಕಾಮಾಲೆ ನಮ್ಮ ಹತ್ತಿರ ಸುಳಿಯದಿರಲಿ ಎಂದು ಪ್ರತಿ ಯುಗಾದಿಗೆ ನನ್ನನ್ನೂ ತಮ್ಮ ಶಿವುವನ್ನೂ ತೊಡೆಯ ಮೇಲೆ ಕೂರಿಸಿಕೊಂಡು ಗೀರುತ್ತಿದ್ದೆಯಲ್ಲ, ಬಾಯಿಗೆ ಬೆಲ್ಲ ಇಟ್ಟು? ಕೆಲಸಕ್ಕೆ ಸೇರಿದಾಗ ಲಸಿಕೆ ಹಾಕಿಸಿಕೊಂಡಿದ್ದೆ, ಪರೀಕ್ಷೆ ಮಾಡಿಸಿಕೊಂಡಿರಲಿಲ್ಲ. ನನಗೂ ಎರಡು ಗೆರೆ, ಅಪ್ಪಾ. ಲಿವರ್ ಇನ್ನೂ ಕೆಟ್ಟಿಲ್ಲವಂತೆ, ಆರು ತಿಂಗಳಿಗೊಮ್ಮೆ ತೋರಿಸುತ್ತಿರಬೇಕು. ನಿನ್ನ ಮೇಲೆ ಸಿಟ್ಟು ಬರಲಿ ಎಂದು ಕಾದೆ. ಬಂದದ್ದು ಆ ಬೆಲ್ಲದ ರುಚಿ. ಅದು ಇನ್ನೂ ಕಷ್ಟ.

ಇಷ್ಟರ ಮೇಲೆ, ಹೋದ ತಿಂಗಳು, ಶಿವು ನಿನ್ನ ಜಾಗದಲ್ಲಿ ಕೂರಲು ಶುರು ಮಾಡಿದ್ದಾನೆಂದು ಅಮ್ಮ ಫೋನು ಮಾಡಿದಳು. ಅದೇ ಸೊಪ್ಪು, ಅದೇ ಸೂಜಿ. ನಾನು ಹೋಗಿ ಎಲ್ಲ ಹೇಳಿದೆ. ನನ್ನ ವಿಷಯವೊಂದನ್ನು ಬಿಟ್ಟು. "ನಾಕಕ್ಷರ ಕಲ್ತ್ಕೊಂಡು ಅಪ್ಪನ್ ಮ್ಯಾಲೇ ಗೂಬೆ ಕೂರುಸ್ತೀಯಾ? ಊರೋರು ಕುಡುಕ ಅಂದ್ರು, ನೀನು ಕೊಲೆಗಾರ ಅಂತೀಯಾ?" ಎಂದು ಸೂಜಿಯ ಡಬ್ಬಿ ಎದೆಗೆ ಅವುಚಿಕೊಂಡ. ಅಮ್ಮ ರಾಗಿ ಕೇರುತ್ತಲೇ ಇದ್ದಳು. ಎರಡು ಭಾನುವಾರ ಹಾಗೇ ಕಳೆದವು. ಆ ಎರಡು ಭಾನುವಾರ ಎಷ್ಟು ಕೈಗಳೋ... ಅದು ನಿನ್ನ ಪಾಪವಲ್ಲ, ನನ್ನದು. ನಿನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಹೋದ ಭಾನುವಾರ ಡಾಕ್ಟರಮ್ಮನ ಒಪ್ಪಿಗೆ ಪಡೆದು, ಕಾರ್ಡುಗಳನ್ನೂ ಒಬ್ಬರಿಗೆ ಒಂದರಂತೆ ಹೊಸ ಸೂಜಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಬಂದೆ. ಜಗಲಿಯ ಮೇಲೆ ಹದಿನೈದು ಇಪ್ಪತ್ತು ಜನ. ನನ್ನ ರಿಪೋರ್ಟ್ ಎತ್ತಿ ಹಿಡಿದು, "ನಂಗೂ ಈ ಕಾಯ್ಲೆ ಐತೆ. ನಮ್ಮಪ್ಪನೂ ಇದರಿಂದ್ಲೇ ಹೋದ್ರು, ಕುಡ್ದಲ್ಲ. ಈ ಮನೆ ಸೂಜಿಯಿಂದ್ಲೇ ಹರಡಿರ್ಬೋದು. ಇಲ್ಲಿ ಗೀರಿಸ್ಕೊಂಡೋರೆಲ್ಲ ಪರೀಕ್ಷೆ ಮಾಡುಸ್ಕೊಳಿ" ಅಂದೆ. ಯಾರೂ ಕೂಗಾಡಲಿಲ್ಲ, ಬೈಯಲೂ ಇಲ್ಲ. ಚಪ್ಪಲಿ ಹಾಕಿಕೊಂಡು ಒಬ್ಬೊಬ್ಬರೇ ಎದ್ದು ಹೋದರು. ಒಬ್ಬ ಅಜ್ಜಿ ಮಾತ್ರ ಹೊಸಿಲಿಗೆ ಕೈಮುಗಿದು, "ಸತ್ತೋರ ಮ್ಯಾಲೆ ಹಿಂಗನ್ಬಾರ್ದು ಕಣವ್ವ" ಎಂದು ಕಣ್ಣೊರೆಸಿಕೊಂಡು ಹೋದಳು. ನೀನು ನಲವತ್ತು ವರ್ಷ ಕಟ್ಟಿದ ಹೆಸರನ್ನು ನಾನು ಒಂದು ಕಾಫಿ ಕುಡಿಯುವ ಹೊತ್ತಿನಲ್ಲಿ ಕೆಡವಿದೆ. ಬೆರಳು ಕೊಡಲು ಒಬ್ಬರೂ ನಿಲ್ಲಲಿಲ್ಲ.

ಜಗಲಿ ಖಾಲಿಯಾದ ಮೇಲೆ ಶಿವು ಬಂದು ನನ್ನ ಎದುರು ಕೂತ. "ನಿಂಗೂ ಐತೆ ಅಂತ ನಂಗ್ಯಾಕಕ್ಕ ಹೇಳ್ಲಿಲ್ಲ?" ಅಂದ. ಮುಖ ಆ ಕಡೆ ತಿರುಗಿಸಿಕೊಂಡು ಬೆರಳು ಮುಂದೆ ಮಾಡಿದ. ಕಾರ್ಡು ನಮ್ಮಿಬ್ಬರ ನಡುವೆ ನೆಲದ ಮೇಲಿತ್ತು. ಮೊದಲ ಗೆರೆ ಬಂತು. ಎರಡನೆಯದು ತೆಳ್ಳಗೆ, ಇದೆಯೋ ಇಲ್ಲವೋ ಎಂಬ ಹಾಗೆ ಶುರುವಾಗಿ, ಆಮೇಲೆ ಅನುಮಾನವೇ ಉಳಿಯಲಿಲ್ಲ. ಅಮ್ಮ ಒಳಗಿಂದ "ಏನಾಯ್ತು?" ಎಂದು ಕೇಳಿದಾಗ ನಾವಿಬ್ಬರೂ "ಏನಿಲ್ಲ" ಅಂದೆವು.

ನಿನ್ನೆ ಅವನು ಲ್ಯಾಬಿಗೆ ಬಂದಿದ್ದ. ತನ್ನ ರಿಪೋರ್ಟನ್ನು ಎರಡು ಸಲ ಜೆರಾಕ್ಸ್ ಮಾಡಿಸಿಕೊಂಡ. ನಿನ್ನದೂ ಬೇಕು ಅಂದ, ಕೊಟ್ಟೆ. ಬರುವ ಭಾನುವಾರ ಮೊದಲ ಬಸ್ಸು ಬರುವ ಹೊತ್ತಿಗೆ ಬಾಗಿಲಲ್ಲಿ ಅವನೇ ನಿಲ್ಲುತ್ತಾನಂತೆ. ಮಗಳ ಮಾತು ಕೇಳದವರು ಮಗನದ್ದಾದರೂ ಕೇಳಲಿ ಎಂದು. ನಿನ್ನ ಹೆಸರಿರುವ ಕಾಗದವನ್ನು ಮೇಲಿಟ್ಟು, ತನ್ನದನ್ನು ಕೆಳಗಿಟ್ಟು, ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು ಹೋದ.

ನಿನ್ನ ಮಗಳು,
ಗಿರಿಜಾ