ಬೋರ್ಡು ಓದಿ ಬನ್ಸು ತಿಂದದ್ದು

ಮಂಕಿ, ೧೯೮೧

ಬೆಳ್ಳಿ,

ವಯಸ್ಕರ ಶಾಲೆಯ ಮಾಸ್ತರರು ಯಾರಿಗಾದರೂ ಒಂದು ಪತ್ರ ಬರೆಯಿರಿ ಎಂದಿದ್ದಾರೆ. ನೀನು ತೀರಿಕೊಂಡು ವರ್ಷವಾಯಿತು. ಬದುಕಿದ್ದಾಗಲೂ ನಿನಗೆ ಓದಲು ಬರುತ್ತಿರಲಿಲ್ಲ. ಅಂಚೆಗೆ ಹಾಕುವ ಕೆಲಸವೂ ಇಲ್ಲ, ತಪ್ಪು ಹಿಡಿಯುವವರೂ ಇಲ್ಲವೆಂದು ನಿನಗೇ ಬರೆಯುತ್ತಿದ್ದೇನೆ.

ಇವತ್ತು ಹೊನ್ನಾವರದಲ್ಲಿ ಮೀನು ಮಾರಿದ ಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನೊಳಗೆ ಒಬ್ಬಳೇ ಹೋದೆ. ಬುಟ್ಟಿಯನ್ನು ಬೆಂಚಿನಡಿ ತಳ್ಳಿ ಕೂತೆ. ತಲೆ ನರೆತ ಸಪ್ಲಾಯರ್ ಬಂದು, “ಎಂತ ಬೇಕು?” ಎಂದ. ಗೋಡೆಯ ಮೇಲೆ ಬೋರ್ಡು ಕಂಡಿತು. ಕಲಿತ ವಿದ್ಯೆ ತೋರಿಸದೆ ಇರಲಾಗಲಿಲ್ಲ. ಅಕ್ಷರ ಕೂಡಿಸಿ ಕೂಡಿಸಿ ದೊಡ್ಡದಾಗಿ ಓದಿದೆ: “ಬನ್ಸು, ಗೋಳಿಬಜೆ, ಅವಲಕ್ಕಿ, ಉಗುಳಬಾರದು.”

ಅವನು ನಗಲಿಲ್ಲ. “ಕಡೆಯದ್ದು ಇಲ್ಲ ಅಕ್ಕ, ಉಳಿದದ್ದೆಲ್ಲ ತರ್ತೆ,” ಎಂದು ಮೂರನ್ನೂ ತಂದಿಟ್ಟ. ಓದಿದ್ದನ್ನೆಲ್ಲ ತಿನ್ನಬೇಕಾಯಿತು. ಬನ್ಸು ಸಿಹಿ ಇರುತ್ತದೆ ಮಾರಾಯ್ತಿ, ನಮಗೆ ಗೊತ್ತೇ ಇರಲಿಲ್ಲ.

ಮೂವತ್ತು ವರ್ಷ ಒಟ್ಟಿಗೆ ಬುಟ್ಟಿ ಹೊತ್ತೆವು. ಆ ಬಾಗಿಲ ಮುಂದೆ ನೀನು ಒಳಗೆ ಹೋಗುವ ಎಂದು ಎಷ್ಟು ಸಲ ನನ್ನ ಸೆರಗು ಹಿಡಿದು ಜಗ್ಗಿದೆಯೋ. ಮೈಯೆಲ್ಲ ಮೀನು ನಾರುತ್ತದೆ, ಬೈದು ಹೊರಗೆ ಹಾಕುತ್ತಾರೆ ಎಂದು ಪ್ರತಿ ಸಲವೂ ನಿನ್ನನ್ನು ಎಳೆದುಕೊಂಡು ಹೋದವಳು ನಾನು.

ಇವತ್ತು ಪಕ್ಕದಲ್ಲಿ ಕೂತವರಿಗೆ ವಾಸನೆ ಬಂದೇ ಬಂತು. ಬೆಂಚಿನಡಿ ಬಗ್ಗಿ ನೋಡಿ, “ಬಂಗಡೆ ಉಳದಿದ್ಯ?” ಎಂದು ಕೇಳಿದರು. ಅಷ್ಟೇ.

ಮಾಸ್ತಮ್ಮ